ಕನ್ಸೋಲಿನಿಂದ ಪಿಸಿಗೆ ಬಂದ ಗೇಮ್‌ಗಳಿಗೆ ಕೀಬೋರ್ಡ್-ಮೌಸ್ ಸಾಕಾ, ಪ್ಯಾಡ್ ಬೇಕೇ ಬೇಕಾ?

ತುಂಗಾತೀರ (ಶಿವಮೊಗ್ಗ)

ಮಳೆ ಹಿಡಿದ ಮೇಲೆ ನಮ್ಮ ಕಡೆ ಹುಡುಗರಿಂದ ಒಂದೇ ಪ್ರಶ್ನೆ ಬರುತ್ತದೆ. "ಅಣ್ಣಾ, ಈ ಗೇಮಿಗೆ ಪ್ಯಾಡ್ ಬೇಕೇ ಬೇಕಂತೆ, ಹೌದಾ?" ಪ್ಯಾಡ್ ಅಂದರೆ ಎರಡೂ ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್. ಕೇಳುವವರು ಹೆಚ್ಚಾಗಿ ಹಾಸ್ಟೆಲ್ ಹುಡುಗರು, ಇಲ್ಲ ತೀರ್ಥಹಳ್ಳಿ, ಹೊಸನಗರ ಕಡೆ ಮನೆಯಲ್ಲೇ ಕೂತು ಆಡುವವರು. ನಮ್ಮಲ್ಲಿ ಆನ್‌ಲೈನ್ ಆಟಕ್ಕಿಂತ ಒಬ್ಬರೇ ಆಡುವ ಕಥೆಯ ಆಟಗಳೇ ಜಾಸ್ತಿ. ಕರೆಂಟ್ ಯಾವಾಗ ಹೋಗುತ್ತದೋ, ಟವರ್ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲದ ಊರಲ್ಲಿ ಆನ್‌ಲೈನ್ ಮ್ಯಾಚ್ ನಂಬಿ ಕೂರೋಕಾಗಲ್ಲ. ಇಂಥ ಕಥೆಯ ಆಟಗಳಲ್ಲಿ ತುಂಬಾ ಆಟಗಳು ಮೊದಲು ಕನ್ಸೋಲನ್ನೇ (ಟಿವಿಗೆ ಹಾಕಿ ಆಡುವ ಪ್ಲೇಸ್ಟೇಶನ್, ಎಕ್ಸ್‌ಬಾಕ್ಸ್ ತರದ್ದು) ಮನಸ್ಸಲ್ಲಿಟ್ಟು ಮಾಡಿದವು. ಅದಕ್ಕೇ ಈ ಪ್ರಶ್ನೆ ನಮಗೆ ಜಾಸ್ತಿ ತಟ್ಟುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. "ಪ್ಯಾಡ್ ತಗೊಳ್ಳಿ" ಅನ್ನುವ ಸಲಹೆ ಎಷ್ಟೋ ಸಲ ಪೋರ್ಟ್ ಮಾಡಿದವರ, ಅಂದರೆ ಕನ್ಸೋಲ್ ಆಟವನ್ನು ಪಿಸಿಗೆ ತಂದವರ, ಸೋಮಾರಿತನಕ್ಕೆ ನಾವು ಕಟ್ಟುವ ದಂಡ. ಗುರಿ ಕೂರುತ್ತಿಲ್ಲ ಅಂದರೆ ಅದು ಮೌಸಿನ ತಪ್ಪಲ್ಲ, ಆಡುವವನ ಕೈಯ ತಪ್ಪೂ ಅಲ್ಲ. ನಿಜಕ್ಕೂ ಪ್ಯಾಡ್ ಬೇಕಾದ ಆಟಗಳೂ ಇವೆ. ಎರಡನ್ನೂ ಬೇರೆ ಮಾಡಿ ನೋಡಬೇಕು. ದುಡ್ಡು ಕೊಡುವ ಮೊದಲೇ ನೋಡಬೇಕು.

ಮೌಸಿಗೂ ಪ್ಯಾಡಿನ ಸ್ಟಿಕ್ಕಿಗೂ (ಹೆಬ್ಬೆರಳಲ್ಲಿ ವಾಲಿಸುವ ಸಣ್ಣ ಕಡ್ಡಿ) ಮೂಲದಲ್ಲೇ ವ್ಯತ್ಯಾಸ ಇದೆ. ಸ್ಟಿಕ್ ಹೇಳುವುದು ವೇಗ: ಎಷ್ಟು ಒತ್ತಿ ಹಿಡಿದಿದ್ದೀರೋ ಅಷ್ಟು ಜೋರಾಗಿ ಕ್ಯಾಮೆರಾ, ಅಂದರೆ ಆಟದಲ್ಲಿ ನಾವು ನೋಡುವ ದಿಕ್ಕು, ತಿರುಗುತ್ತಲೇ ಇರುತ್ತದೆ. ಬೈಕಿನ ಆಕ್ಸಿಲರೇಟರ್ ಇದ್ದ ಹಾಗೆ. ಮೌಸ್ ಹೇಳುವುದು ದೂರ. ಕೈ ಇಷ್ಟು ಸರಿಯಿತು, ಕ್ಯಾಮೆರಾ ಇಷ್ಟು ತಿರುಗಬೇಕು, ಕೈ ನಿಂತ ಕೂಡಲೇ ಅದೂ ನಿಲ್ಲಬೇಕು. ಒಳ್ಳೆಯ ಪೋರ್ಟಿನಲ್ಲಿ ಮೌಸಿನಿಂದ ಬಂದ ಲೆಕ್ಕವನ್ನು ಹಾಗೆಯೇ ಕ್ಯಾಮೆರಾಗೆ ಕೊಡುತ್ತಾರೆ. ಕೆಟ್ಟ ಪೋರ್ಟಿನಲ್ಲಿ ಮೌಸಿನ ಚಲನೆಯನ್ನು ಸ್ಟಿಕ್ಕಿನ ಚಲನೆಯಾಗಿ ಬದಲಾಯಿಸಿ, ಹಳೆಯ ಸ್ಟಿಕ್ ಕೋಡಿನ ಒಳಗೇ ತುರುಕುತ್ತಾರೆ. ತೊಂದರೆಗಳೆಲ್ಲ ಶುರುವಾಗುವುದು ಅಲ್ಲಿಂದ.

ಸ್ಟಿಕ್ಕಿಗೆ ಡೆಡ್ ಝೋನ್ ಅಂತ ಇರುತ್ತದೆ. ಬೆರಳು ತೆಗೆದಾಗ ಸ್ಟಿಕ್ ಪಕ್ಕಾ ಮಧ್ಯಕ್ಕೆ ಬಂದು ನಿಲ್ಲುವುದಿಲ್ಲ, ಹಾಗಾಗಿ ಮಧ್ಯದ ಸ್ವಲ್ಪ ಜಾಗವನ್ನು ಗೇಮ್ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ವಿಂಡೋಸಿನಲ್ಲಿ ಪ್ಯಾಡ್‌ಗಳಿಗಾಗಿ ಇರುವ ಎಕ್ಸ್‌ಇನ್‌ಪುಟ್‌ನಲ್ಲಿ ಸ್ಟಿಕ್ ಪೂರ್ತಿ ಒತ್ತಿದರೆ 32767 ಬರುತ್ತದೆ. ಮೈಕ್ರೋಸಾಫ್ಟ್ ಸೂಚಿಸಿದ ಡೆಡ್ ಝೋನ್ ಎಡ ಸ್ಟಿಕ್ಕಿಗೆ 7849, ಬಲಕ್ಕೆ 8689. ಅಂದರೆ ಹತ್ತಿರ ಹತ್ತಿರ ಕಾಲು ಭಾಗ. ಮೌಸನ್ನು ಈ ಲೆಕ್ಕದೊಳಗೆ ತುರುಕಿದರೆ ಏನಾಗುತ್ತದೆ ನೋಡಿ. ಮೆಲ್ಲಗೆ ಸರಿಸಿದ್ದು ಡೆಡ್ ಝೋನಿನಲ್ಲಿ ಮಾಯ. ಜೋರಾಗಿ ಸರಿಸಿದ್ದು ಕ್ಯಾಮೆರಾದ ಗರಿಷ್ಠ ವೇಗಕ್ಕೆ ತಾಗಿ ಅರ್ಧಕ್ಕೇ ಮುಗಿಯುತ್ತದೆ. ಗುರಿ ಇಡುವಾಗ ನಮಗೆ ಬೇಕಾಗುವುದು ಈ ಎರಡೇ ಚಲನೆ!

ಇದನ್ನು ಪರೀಕ್ಷೆ ಮಾಡೋಕೆ ಒಂದು ಸ್ಕೇಲ್ ಸಾಕು. ಮೇಜಿನ ಮೇಲೆ ಸ್ಕೇಲ್ ಇಟ್ಟು, ಅದರ ಪಕ್ಕದಲ್ಲೇ ಮೌಸನ್ನು ನಿಧಾನವಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಸಿ. ಆಮೇಲೆ ಅಷ್ಟೇ ದೂರ ಜೋರಾಗಿ ವಾಪಸ್ ತನ್ನಿ. ಕ್ಯಾಮೆರಾ ಮೊದಲು ನೋಡುತ್ತಿದ್ದ ಜಾಗಕ್ಕೇ ಬಂದು ನಿಂತರೆ ಪೋರ್ಟ್ ಸರಿ ಇದೆ. ಬೇರೆ ಕಡೆ ನಿಂತರೆ ನಡುವೆ ಏನೋ ಸೇರಿಕೊಂಡಿದೆ: ಆಕ್ಸಿಲರೇಶನ್ (ಕೈ ಜೋರಾಗಿ ಸರಿದಷ್ಟೂ ಹೆಚ್ಚು ದೂರ ತಿರುಗುವುದು), ಸ್ಮೂದಿಂಗ್ (ಚಲನೆಯನ್ನು ನಯ ಮಾಡುವುದು), ಇಲ್ಲ ಮೇಲೆ ಹೇಳಿದ ಸ್ಟಿಕ್ ವೇಷ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡ ಗೇಮಾದರೆ ಎರಡು ವಾರದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಕೇಳಬಹುದು. ಈ ಪರೀಕ್ಷೆಗೆ ಐದು ನಿಮಿಷ ಸಾಕು.

ಹಳೆಯ ಉದಾಹರಣೆ ಬೇಕಾದಷ್ಟಿವೆ. 2007ರಲ್ಲಿ ಪಿಸಿಗೆ ಬಂದ ರೆಸಿಡೆಂಟ್ ಈವಿಲ್ 4ರಲ್ಲಿ ಮೌಸಿನಿಂದ ಗುರಿ ಇಡುವ ವ್ಯವಸ್ಥೆಯೇ ಇರಲಿಲ್ಲ. ಗುಂಡು ಹೊಡೆಯುವ ಆಟ, ಪಿಸಿಯಲ್ಲಿ, ಮೌಸ್ ಇಲ್ಲದೆ! ಅಭಿಮಾನಿಗಳೇ ಪ್ಯಾಚ್ ಮಾಡಿಕೊಂಡರು. 2014ರ ಎಚ್‌ಡಿ ಆವೃತ್ತಿಯಲ್ಲಿ ಅಧಿಕೃತವಾಗಿ ಮೌಸ್ ಬಂತು. 2008ರ ಡೆಡ್ ಸ್ಪೇಸ್‌ನಲ್ಲಿ ಮೌಸ್ ಇತ್ತು, ಆದರೆ ನೀರೊಳಗೆ ಕೈಯಾಡಿಸಿದಂತೆ ತಡವಾಗಿ ತೇಲುತ್ತಿತ್ತು. ಗೇಮಿನ ಒಳಗಿನ ವಿ-ಸಿಂಕ್ (ಚಿತ್ರವನ್ನು ಮಾನಿಟರಿನ ವೇಗಕ್ಕೆ ಹೊಂದಿಸುವ ಆಯ್ಕೆ) ಆಫ್ ಮಾಡಿ, ಬೇಕಾದರೆ ಗ್ರಾಫಿಕ್ಸ್ ಡ್ರೈವರಿನಲ್ಲಿ ಆನ್ ಮಾಡಿದರೆ ಎಷ್ಟೋ ವಾಸಿ. ಈಗ ಆಡುವವರೂ ಅದನ್ನೇ ಮಾಡಿ.

2012ರ ಆಗಸ್ಟ್‌ನಲ್ಲಿ ಬಂದ ಡಾರ್ಕ್ ಸೋಲ್ಸ್ ಪಿಸಿ ಆವೃತ್ತಿಯ ಬಗ್ಗೆ ಎಲ್ಲರಿಗೂ ಗೊತ್ತು. ಪಿಸಿಯಲ್ಲೂ ಬರಲಿ ಅಂತ ಅಭಿಮಾನಿಗಳು ಸಹಿ ಸಂಗ್ರಹಿಸಿ ಕೇಳಿಕೊಂಡಿದ್ದ ಆಟ ಅದು. ಬಂದಿದ್ದು ಹೇಗೆ? ಮಾನಿಟರ್ ಎಷ್ಟೇ ದೊಡ್ಡದಿರಲಿ ಒಳಗೆ 1024-720 ಚುಕ್ಕಿಗಳ ರೆಸಲ್ಯೂಶನ್ನಿನಲ್ಲೇ ಚಿತ್ರ, ಸೆಕೆಂಡಿಗೆ 30 ಫ್ರೇಮ್ (ಅಂದರೆ 30 ಚಿತ್ರ). ಕೀಬೋರ್ಡಿನಲ್ಲಿ ಆಡುತ್ತಿದ್ದರೂ ತೆರೆಯ ಮೇಲೆ ಎಕ್ಸ್‌ಬಾಕ್ಸ್ ಬಟನ್ ಚಿತ್ರಗಳೇ. ಡುರಾಂಟೆ ಎಂಬ ಹೆಸರಿನ ಅಭಿಮಾನಿ ಡಿಎಸ್‌ಫಿಕ್ಸ್ ಅನ್ನುವ ಮಾಡ್ (ಆಟಕ್ಕೆ ಹೊರಗಿನವರು ಮಾಡುವ ತಿದ್ದುಪಡಿ) ಮಾಡಿ, ಆಟ ಬಿಡುಗಡೆಯಾದ ಕೂಡಲೇ ರೆಸಲ್ಯೂಶನ್ ಸರಿ ಮಾಡಿಕೊಟ್ಟರು. ಮೌಸಿಗೆ ಬೇರೆಯವರ ಬೇರೆ ಮಾಡ್ ಬೇಕಾಯಿತು. ಆ ಕಾಲದಲ್ಲಿ ಎಲ್ಲರೂ "ಪ್ಯಾಡ್ ತಗೊಂಡು ಆಡಿ" ಅಂದರು. ಆ ಸಲಹೆ ಆಗ ಸರಿಯೇ ಇತ್ತು. ಆದರೆ ಅದೇ ಮಾತು ಇವತ್ತಿಗೂ ಎಲ್ಲ ಆಟಕ್ಕೂ ಅಂಟಿಕೊಂಡಿದೆ. ಅದೇ ನನ್ನ ತಕರಾರು.

ನಿಮ್ಮ ನಿಮ್ಮ ಅನುಭವ ಬರೆಯಿರಿ. ಯಾವ ಆಟ, ಯಾವ ಕಂಟ್ರೋಲ್, ಎಂಥ ಲ್ಯಾಪ್‌ಟಾಪ್ ಅಂತಲೂ ಹೇಳಿ. ಸುಮ್ನೆ "ಪ್ಯಾಡೇ ಬೆಸ್ಟ್" ಅಂದರೆ ಯಾರಿಗೂ ಉಪಯೋಗ ಆಗಲ್ಲ.

ವಿನೋಬನಗರ ವಾಸಿ

ಸ್ಕೇಲ್ ಪರೀಕ್ಷೆ ಈಗಷ್ಟೇ ಮಾಡಿದೆ. ಜಿಟಿಎ 5ರಲ್ಲಿ ಪಕ್ಕಾ ಅದೇ ಜಾಗಕ್ಕೆ ಬಂತು.

ಇನ್ನೊಂದು ವಿಷಯ ಸೇರಿಸುತ್ತೇನೆ. ಆ ಗೇಮಿನಲ್ಲಿ ನಡೆಯುವಾಗ, ಗುಂಡು ಹೊಡೆಯುವಾಗ ಮೌಸ್ ಹಿಡಿಯುತ್ತೇನೆ. ಕಾರು ಹತ್ತಿದ ಕೂಡಲೇ ಪ್ಯಾಡ್ ಎತ್ತಿಕೊಳ್ಳುತ್ತೇನೆ. ಯಾವ ಮೆನುವಿಗೂ ಹೋಗಬೇಕಿಲ್ಲ, ಯಾವುದನ್ನು ಮುಟ್ಟಿದಿರೋ ಅದಕ್ಕೆ ತಕ್ಕ ಬಟನ್ ಚಿತ್ರ ತೆರೆಯ ಮೇಲೆ ತಾನಾಗೇ ಬದಲಾಗುತ್ತದೆ. 2015ರಲ್ಲೇ ಇಷ್ಟು ಚೆನ್ನಾಗಿ ಮಾಡಿದ್ದಾರೆ ಅಂದಮೇಲೆ ಆಮೇಲೆ ಬಂದವರು ಯಾಕೆ ಮಾಡಬಾರದು?

ಆಗುಂಬೆ ಮಳೆ

ತುಂಗಾತೀರ ಅಣ್ಣ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಇನ್ನರ್ಧಕ್ಕೆ ನನ್ನ ವಿರೋಧ ಇದೆ, ಗಟ್ಟಿಯಾಗೇ ಇದೆ.

ನೀವು ಬರೆದಿದ್ದೆಲ್ಲ ಕ್ಯಾಮೆರಾ ಬಗ್ಗೆ, ಅಂದರೆ ಬಲಗೈ ಬಗ್ಗೆ. ಎಡಗೈ ಕಥೆ ಏನು? ಕೀಬೋರ್ಡಿನಲ್ಲಿ ಪಾತ್ರ ನಡೆಸುವ ಡಬ್ಲ್ಯೂ-ಎ-ಎಸ್-ಡಿ ಕೀಗಳಲ್ಲಿ ಇರುವುದು ಎಂಟೇ ದಿಕ್ಕು, ಒಂದೇ ವೇಗ. ಕೀ ಒತ್ತಿದರೆ ಪೂರ್ತಿ, ಬಿಟ್ಟರೆ ಸೊನ್ನೆ. ಕನ್ಸೋಲ್ ಆಟ ಮಾಡಿದವರು ಎಡ ಸ್ಟಿಕ್ ನಂಬಿಕೊಂಡು ಮಾಡಿರುತ್ತಾರೆ. ಶತ್ರುವಿನ ಬೆನ್ನ ಹಿಂದೆ ಸದ್ದಿಲ್ಲದೆ ಹೋಗಬೇಕು, ಮಾತಾಡುತ್ತಾ ನಡೆಯುವ ಪಾತ್ರದ ಜೊತೆ ಅದೇ ನಡಿಗೆಯಲ್ಲಿ ಹೆಜ್ಜೆ ಹಾಕಬೇಕು, ಕಿರಿದಾದ ಹಲಗೆ ಮೇಲೆ ಓರೆಯಾಗಿ ದಾಟಬೇಕು. ಸ್ಟಿಕ್ಕಿನಲ್ಲಿ ಬೆರಳು ಸ್ವಲ್ಪ ಸಡಿಲಿಸಿದರೆ ಆಯಿತು. ಕೀಬೋರ್ಡಿನಲ್ಲಿ ಓಡಿ, ನಿಂತು, ಓಡಿ, ನಿಂತು ಒದ್ದಾಡಬೇಕು. ಸ್ಕೈರಿಮ್‌ನಲ್ಲಿ ಕ್ಯಾಪ್ಸ್ ಲಾಕ್ ಒತ್ತಿದರೆ ನಡಿಗೆಗೆ ಬರುತ್ತದೆ, ಸರಿ. ಆದರೆ ನಡಿಗೆ ಮತ್ತು ಓಟದ ನಡುವೆ ಏನೂ ಇಲ್ಲ.

ಇದಕ್ಕಿಂತ ದೊಡ್ಡ ವಿಷಯ ಲ್ಯಾಪ್‌ಟಾಪ್‌ದು. ಇಲ್ಲಿ ಎಷ್ಟು ಜನರ ಹತ್ತಿರ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇದೆ? ನಾನು ಆಡುವುದು ಓದಿಗೆ ಅಂತ ತಗೊಂಡ ಮಾಮೂಲಿ ಲ್ಯಾಪ್‌ಟಾಪಿನಲ್ಲಿ. ಹೊಸ ಪೋರ್ಟ್‌ಗಳೆಲ್ಲ 30 ಫ್ರೇಮ್ ಸುತ್ತಮುತ್ತ ಒದ್ದಾಡುತ್ತವೆ. 30 ಫ್ರೇಮಿನಲ್ಲಿ ಮೌಸ್ ಹಿಡಿದು ನೋಡಿ, ತಲೆ ನೋಯುತ್ತದೆ. ಅದೇ ಆಟ, ಅದೇ 30 ಫ್ರೇಮ್, ಪ್ಯಾಡ್ ಹಿಡಿದರೆ ಆರಾಮ. ಇದು ಪೋರ್ಟ್ ಮಾಡಿದವರ ತಪ್ಪಲ್ಲ. ಕಡಿಮೆ ಬೆಲೆಯ ಮಷೀನ್ ಇರುವವನಿಗೆ ಸಾವಿರದೈನೂರು ರೂಪಾಯಿಯ ಪ್ಯಾಡ್ ಅಂದರೆ ಗ್ರಾಫಿಕ್ಸ್ ಕಾರ್ಡಿನ ದುಡ್ಡು ಉಳಿದಂತೆ.

ಮತ್ತೆ, ಇಲ್ಲಿ ಜಡಿಮಳೆ ಹಿಡಿದಾಗ ಮೇಜಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಯಾರು ಕೂರುತ್ತಾರೆ ಮಾರಾಯ್ರೆ? ಕಂಬಳಿ ಹೊದ್ದು ಮಂಚದ ಮೇಲೆ ಕೂತು, ಪ್ಯಾಡ್ ಕೈಯಲ್ಲಿ ಹಿಡಿದು ಆಡುವ ಸುಖವೇ ಬೇರೆ.

ತುಂಗಾತೀರ

ಆಗುಂಬೆ ಮಳೆ ಹೇಳಿದ 30 ಫ್ರೇಮಿನ ಮಾತು ನೂರಕ್ಕೆ ನೂರು ನಿಜ, ಅದಕ್ಕೆ ಕಾರಣವೂ ಇದೆ. ಸೆಕೆಂಡಿಗೆ 30 ಫ್ರೇಮ್ ಅಂದರೆ ಒಂದೊಂದು ಚಿತ್ರ ಸುಮಾರು 33 ಮಿಲಿಸೆಕೆಂಡ್ ನಿಲ್ಲುತ್ತದೆ. 60 ಆದರೆ ಸುಮಾರು 17. ಮೌಸಿನಲ್ಲಿ ಕೈಗೂ ಚಿತ್ರಕ್ಕೂ ನೇರ ಸಂಬಂಧ. ಕೈ ಸರಿದ ತಕ್ಷಣ ಚಿತ್ರ ಸರಿಯದಿದ್ದರೆ ಮೆದುಳು ಕೂಡಲೇ ಕಂಡುಹಿಡಿಯುತ್ತದೆ. ಸ್ಟಿಕ್ಕಿನಲ್ಲಿ ಕ್ಯಾಮೆರಾ ಹೇಗೂ ಒಂದೇ ಸಮ ನಿಧಾನಕ್ಕೆ ತಿರುಗುತ್ತಾ ಹೋಗುವುದರಿಂದ ತಡ ಅಷ್ಟಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಲ್ಯಾಪ್‌ಟಾಪ್ 40 ಫ್ರೇಮ್ ದಾಟುತ್ತಿಲ್ಲ ಅನ್ನುವವರು ಪ್ಯಾಡ್ ತಗೊಳ್ಳಿ. ಅದರಲ್ಲಿ ನನ್ನದು ಎರಡನೇ ಮಾತಿಲ್ಲ.

ಆದರೆ ಎಡಗೈ ವಿಷಯದಲ್ಲಿ ಪೂರ್ತಿ ಒಪ್ಪಲ್ಲ. ಕೀಬೋರ್ಡಿನಲ್ಲಿ ಎಂಟೇ ದಿಕ್ಕು ಅಂದಿರಿ. ಕ್ಯಾಮೆರಾ ಮೌಸಿನಲ್ಲಿ ಇದ್ದಾಗ ಡಬ್ಲ್ಯೂ ಒತ್ತಿಕೊಂಡೇ ಮೌಸ್ ತಿರುಗಿಸಿದರೆ ಯಾವ ದಿಕ್ಕಿಗೆ ಬೇಕಾದರೂ ಹೋಗಬಹುದಲ್ವಾ? ಸಮಸ್ಯೆ ಬರುವುದು ಕ್ಯಾಮೆರಾ ನಮ್ಮ ಕೈಯಲ್ಲಿ ಇಲ್ಲದ ಆಟಗಳಲ್ಲಿ ಮಾತ್ರ. ನಡಿಗೆಯ ವೇಗದ ಮಾತು ಸರಿ, ಅದಕ್ಕೂ ದಾರಿ ಇದೆ. ಕೆಲವು ಆಟಗಳು ಮೌಸ್ ಚಕ್ರ ತಿರುಗಿಸಿದರೆ ನಡಿಗೆಯ ವೇಗ ಬದಲಾಗುವ ಹಾಗೆ ಮಾಡಿವೆ. ಮನಸ್ಸಿದ್ದರೆ ಆಗುತ್ತದೆ.

ನನಗೆ ನಿಜಕ್ಕೂ ಬೇಜಾರಾಗುವುದು ಇನ್ನೊಂದು ವಿಷಯ. ಪ್ಯಾಡಿನಲ್ಲಿ ಬಟನ್ ಕಡಿಮೆ. ಅದಕ್ಕೆ ಒಂದೇ ಬಟನ್ನಿಗೆ ಎರಡು ಮೂರು ಕೆಲಸ ಕಟ್ಟುತ್ತಾರೆ. ಡಾರ್ಕ್ ಸೋಲ್ಸ್, ಎಲ್ಡನ್ ರಿಂಗ್ ತಗೊಳ್ಳಿ. ಒಂದೇ ಬಟನ್ ಒತ್ತಿ ಹಿಡಿದರೆ ಓಟ, ತಟ್ಟಿ ಬಿಟ್ಟರೆ ಉರುಳು. ನೀವು ಹಿಡಿಯುತ್ತೀರೋ ಬಿಡುತ್ತೀರೋ ಅಂತ ಗೇಮಿಗೆ ಮೊದಲೇ ಗೊತ್ತಾಗಲ್ಲ. ಹಾಗಾಗಿ ಬಟನ್ ಒತ್ತಿದಾಗ ಅಲ್ಲ, ಬಿಟ್ಟಾಗ ಉರುಳುತ್ತದೆ. ಪ್ಯಾಡಿನಲ್ಲಿ ಇದು ಅನಿವಾರ್ಯ, ಒಪ್ಪೋಣ. ಕೀಬೋರ್ಡಿನಲ್ಲಿ ನೂರು ಕೀ ಇವೆ. ಓಟಕ್ಕೊಂದು, ಉರುಳಿಗೊಂದು ಕೊಟ್ಟರೆ ಏನು ಕಷ್ಟ? ಕೊಡಲಿಲ್ಲ. ಮಾಸ್ ಎಫೆಕ್ಟ್ 3ರಲ್ಲೂ ಅದೇ ಕಥೆ. ಓಡೋಕೆ, ಗೋಡೆ ಮರೆಗೆ ಅಡಗೋಕೆ, ವಸ್ತು ಬಳಸೋಕೆ, ಎಲ್ಲಕ್ಕೂ ಸ್ಪೇಸ್ ಬಾರ್. ಬಿದ್ದ ಗೆಳೆಯನನ್ನು ಎಬ್ಬಿಸೋಕೆ ಹೋದರೆ ಪಕ್ಕದ ಗೋಡೆಗೆ ಅಂಟಿಕೊಳ್ಳುತ್ತೇವೆ.

ಇದಕ್ಕೆ ಉಲ್ಟಾ ಲಾಭವೂ ಇದೆ. ಪ್ಯಾಡಿನಲ್ಲಿ ಬಲ ಹೆಬ್ಬೆರಳು ಒಂದೇ, ಕೆಲಸ ಎರಡು: ಕ್ಯಾಮೆರಾ ತಿರುಗಿಸಬೇಕು, ಬಟನ್ನೂ ಒತ್ತಬೇಕು. ಅದಕ್ಕೇ ಸೋಲ್ಸ್ ಆಟಗಳಲ್ಲಿ ಹೊಡೆತವನ್ನು ಮೇಲಿನ ಭುಜದ ಬಟನ್ನುಗಳಿಗೆ ಹಾಕಿದ್ದಾರೆ. ಮೌಸಿನಲ್ಲಿ ಕ್ಯಾಮೆರಾ ಕೈಯಲ್ಲಿ ಇರುವಾಗಲೇ ಬೆರಳು ಹೊಡೆತಕ್ಕೆ ಸಿದ್ಧ. ಮೌಸ್ ಸರಿಯಾಗಿ ಕೆಲಸ ಮಾಡುವ ಪೋರ್ಟಿನಲ್ಲಿ ಕತ್ತಿ ಕಾಳಗದ ಆಟವನ್ನೂ ಮೌಸಿನಲ್ಲೇ ಚೆನ್ನಾಗಿ ಆಡಬಹುದು. ಎಲ್ಡನ್ ರಿಂಗ್ ನಾನು ಹಾಗೇ ಮುಗಿಸಿದ್ದು.

ಭದ್ರೆ ದಂಡೆ (ಭದ್ರಾವತಿ)

ಮಾಸ್ ಎಫೆಕ್ಟ್ ಹೆಸರು ಬಂದಿದ್ದಕ್ಕೆ ಒಂದು ಮಾತು. ಕನ್ಸೋಲಿನಲ್ಲೂ ಇದ್ದ ಆಟ, ಆದರೆ ಮೂಲ ಮೂರೂ ಭಾಗಗಳ ಪಿಸಿ ಆವೃತ್ತಿಯಲ್ಲಿ ಪ್ಯಾಡ್ ಬೆಂಬಲವೇ ಇರಲಿಲ್ಲ! ಪಿಸಿಗೆ ಅಂತ ಬೇರೆ ತೆರೆ ವಿನ್ಯಾಸ ಮಾಡಿದ್ದರು. 2021ರ ಲೆಜೆಂಡರಿ ಎಡಿಷನ್‌ನಲ್ಲಿ ಎರಡೂ ಬಂದವು. ಅಂದರೆ ಅನ್ಯಾಯ ಒಂದೇ ಕಡೆಗಲ್ಲ, ಎರಡೂ ಕಡೆಗೆ ಆಗಿದೆ.

ಗುರಿ ಇಡುವ ಆಟಗಳಲ್ಲಿ ಪ್ಯಾಡ್ ಹಿಡಿದವರಿಗೆ ಗೇಮೇ ಕೈ ಹಿಡಿದು ಸಹಾಯ ಮಾಡುತ್ತದೆ ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ. 2001ರ ಹೇಲೋದಲ್ಲೇ ಇದು ಇತ್ತು. ಗುರಿ ಶತ್ರುವಿನ ಮೇಲೆ ಬಂದಾಗ ಕ್ಯಾಮೆರಾ ಸ್ವಲ್ಪ ನಿಧಾನ ಆಗುತ್ತದೆ, ಶತ್ರು ಸರಿದರೆ ಗುರಿಯೂ ಅವನ ಜೊತೆ ಸ್ವಲ್ಪ ಸರಿಯುತ್ತದೆ. ಅದಿಲ್ಲದೆ ಸ್ಟಿಕ್ಕಿನಲ್ಲಿ ಗುಂಡು ಹೊಡೆಯುವುದು ತುಂಬಾ ಕಷ್ಟ. ಪಿಸಿ ಪೋರ್ಟಿನಲ್ಲಿ ಈ ಸಹಾಯವನ್ನು ಕಿತ್ತುಹಾಕಿದ್ದರೆ ಪ್ಯಾಡ್ ತಗೊಂಡೂ ಪ್ರಯೋಜನ ಇಲ್ಲ. ಸೆಟ್ಟಿಂಗ್ಸಿನಲ್ಲಿ ಏಮ್ ಅಸಿಸ್ಟ್ ಇದೆಯಾ, ಆನ್ ಇದೆಯಾ ನೋಡಿ.

ಎಡಚ

ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ನಾನು ಎಡಗೈಯವನು. ಮೌಸ್ ಎಡಗೈಯಲ್ಲಿ, ನಡೆಯೋಕೆ ಬಲಗೈ. ಅಂದರೆ ನನಗೆ ಡಬ್ಲ್ಯೂ-ಎ-ಎಸ್-ಡಿ ಆಗಲ್ಲ. ಬಾಣದ ಕೀ, ಇಲ್ಲ ಐ-ಜೆ-ಕೆ-ಎಲ್ ಬೇಕು.

ಪಿಸಿಗೇ ಅಂತ ಮಾಡಿದ ಆಟಗಳಲ್ಲಿ ಸಾಮಾನ್ಯವಾಗಿ ಯಾವ ಕೀ ಬೇಕಾದರೂ ಬದಲಾಯಿಸಬಹುದು. ಕನ್ಸೋಲಿನಿಂದ ಬಂದವುಗಳಲ್ಲಿ ಎಷ್ಟೋ ಸಲ ನಡಿಗೆ ಬದಲಾಗುತ್ತದೆ, ಮೆನು ಬದಲಾಗಲ್ಲ. ಐ ಒತ್ತಿದರೆ ಪಾತ್ರ ಮುಂದೆ ಹೋಗುತ್ತದೆ, ಜೊತೆಗೇ ಚೀಲವೂ ತೆರೆಯುತ್ತದೆ, ಯಾಕೆಂದರೆ ಐಗೆ ಹಳೆಯ ಕೆಲಸ ಹಾಗೇ ಅಂಟಿಕೊಂಡಿದೆ. ಕೆಲವು ಆಟಗಳು ಬಾಣದ ಕೀಗಳನ್ನು ಮುಟ್ಟೋಕೇ ಬಿಡಲ್ಲ. ಒತ್ತುತ್ತಲೇ ಇರಬೇಕಾದ ಆತುರದ ದೃಶ್ಯಗಳಲ್ಲಂತೂ ತೆರೆಯ ಮೇಲೆ "ಇ" ಅಂತ ಬರುತ್ತದೆ. ನಾನು ಬದಲಾಯಿಸಿದ ಕೀ ಅಲ್ಲಿ ಲೆಕ್ಕಕ್ಕಿಲ್ಲ.

ಪ್ಯಾಡ್ ಹಿಡಿದರೆ ಈ ಗೋಳಿಲ್ಲ. ಎರಡೂ ಕೈಗೆ ಸಮ ಕೆಲಸ. ಎರಡು ಸ್ಟಿಕ್ ಅದಲು ಬದಲು ಮಾಡುವ ಆಯ್ಕೆ ಬಹಳ ಆಟಗಳಲ್ಲಿ ಇರುತ್ತದೆ, ಇಲ್ಲದಿದ್ದರೆ ಸ್ಟೀಮ್ ಇನ್‌ಪುಟ್‌ನಲ್ಲೇ (ಸ್ಟೀಮಿನ ಪ್ಯಾಡ್ ಸೆಟ್ಟಿಂಗ್ಸ್) ಮಾಡಿಕೊಳ್ಳಬಹುದು. ಹಾಗಾಗಿ ನನ್ನ ಮತ ಪ್ಯಾಡಿಗೆ. ಆದರೆ ತುಂಗಾತೀರ ಅವರ ಸಿಟ್ಟು ನನ್ನದೂ ಹೌದು. ಎಲ್ಲ ಕೀಯನ್ನೂ ಬದಲಾಯಿಸುವ ಅವಕಾಶ ಕೊಡುವುದು ದೊಡ್ಡ ಉಪಕಾರ ಏನಲ್ಲ. ಪಿಸಿಗೆ ಬರುವ ಪ್ರತಿ ಆಟದಲ್ಲೂ ಅದು ಇರಲೇಬೇಕು. ಕೈಗೆ ಪೆಟ್ಟಾದವರು, ಒಂದೇ ಕೈಯಲ್ಲಿ ಆಡುವವರು ಎಷ್ಟು ಜನ ಇಲ್ಲ? 2018ರಲ್ಲಿ ಮೈಕ್ರೋಸಾಫ್ಟ್ ಅವರಿಗಾಗಿಯೇ ಅಡಾಪ್ಟಿವ್ ಕಂಟ್ರೋಲರ್ ತಂದಿತು. ಹಾರ್ಡ್‌ವೇರ್ ಮಾಡುವವರು ಅಷ್ಟು ಯೋಚಿಸಿದ ಮೇಲೆ, ಆಟ ಮಾಡುವವರು ಒಂದು ಮೆನು ಕೊಡಬಾರದಾ?

ಅಡಿಕೆ ಚಪ್ಪರ (ಸಾಗರ)

ಎಡಚ ಅವರ ಮಾತು ಓದಿ ಮನಸ್ಸಿಗೆ ತಾಗಿತು. ಆ ಕಷ್ಟ ಬಲಗೈಯವರಿಗೆ ಹೊಳೆಯುವುದೇ ಇಲ್ಲ.

ನಾನು ಹೇಳಬೇಕೆಂದಿರುವುದು ಮಲೆನಾಡಿನ ಶೀತದ ಬಗ್ಗೆ. ಪ್ಯಾಡ್ ತಗೊಳ್ಳುವವರು ದಯವಿಟ್ಟು ಇದನ್ನು ಓದಿ. ಆನ್‌ಲೈನ್ ವಿಮರ್ಶೆ ಬರೆಯುವವರು ನಮ್ಮ ಜೂನ್, ಜುಲೈ ನೋಡಿದವರಲ್ಲ.

ಮೊದಲನೆಯದು ರಬ್ಬರ್ ಲೇಪ. ಹೊಸದರಲ್ಲಿ ಮೆತ್ತಗೆ, ಮುಟ್ಟೋಕೆ ಹಿತ. ಗಾಳಿಯ ತೇವ ಸೇರಿ ಸೇರಿ ಆ ಲೇಪ ಒಡೆಯುತ್ತದೆ, ಜಿಗುಟಾಗುತ್ತದೆ. ನನ್ನ ಹಳೆಯ ಪ್ಯಾಡ್ ಹಲಸಿನ ಮೇಣ ಬಳಿದುಕೊಂಡ ಸ್ಥಿತಿಗೆ ಬಂತು. ಬರೀ ಪ್ಲಾಸ್ಟಿಕ್ ಹಿಡಿಯ ಪ್ಯಾಡ್ ತಗೊಳ್ಳಿ.

ಇನ್ನೊಂದು ಸ್ಟಿಕ್ ಡ್ರಿಫ್ಟ್. ಮುಟ್ಟದೇ ಇದ್ದರೂ ಪಾತ್ರ ತಾನೇ ನಡೆಯುವುದು. ಮಾಮೂಲಿ ಸ್ಟಿಕ್ಕಿನೊಳಗೆ ಪೊಟೆನ್ಶಿಯೋಮೀಟರ್ ಇರುತ್ತದೆ. ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿಯೊಳಗೂ ಇರುವುದು ಅದೇ ಭಾಗ. ಕಾರ್ಬನ್ ಪಟ್ಟಿಯ ಮೇಲೆ ಲೋಹದ ಕಡ್ಡಿ ಉಜ್ಜುತ್ತಾ ಹೋಗುತ್ತದೆ. ಉಜ್ಜಿ ಸವೆದು, ಧೂಳು ಸೇರಿ ಲೆಕ್ಕ ತಪ್ಪುತ್ತದೆ. ಈಗ ಹಾಲ್ ಎಫೆಕ್ಟ್ ಸ್ಟಿಕ್ ಇರುವ ಪ್ಯಾಡ್‌ಗಳು ಕಡಿಮೆ ಬೆಲೆಗೂ ಸಿಗುತ್ತವೆ. ಅದರಲ್ಲಿ ಅಯಸ್ಕಾಂತ ಮತ್ತು ಸೆನ್ಸರ್. ಒಂದಕ್ಕೊಂದು ತಾಗುವುದೇ ಇಲ್ಲ, ಹಾಗಾಗಿ ಆ ಸವೆತ ಇಲ್ಲ. ನಮ್ಮ ಹವೆಗೆ ಇದೇ ಸರಿ.

ಮೌಸ್ ಕಡೆಯವರಿಗೂ ಮಳೆಗಾಲದ ಕಷ್ಟ ಇದೆ. ಬಟ್ಟೆಯ ಮೌಸ್‌ಪ್ಯಾಡ್ ಶೀತ ಹೀರಿಕೊಂಡು ಭಾರ ಆಗುತ್ತದೆ, ಮೌಸ್ ಜಾರುವುದಿಲ್ಲ, ಆಮೇಲೆ ಬೂಸು ಹಿಡಿಯುತ್ತದೆ. ನಾನು ಪ್ಲಾಸ್ಟಿಕ್ ಮೇಲ್ಮೈಯದಕ್ಕೆ ಬದಲಾಯಿಸಿದೆ. ಆಡಿ ಮುಗಿದ ಮೇಲೆ ಪ್ಯಾಡ್ ಮತ್ತು ಮೌಸನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ. ಚಪ್ಪಲಿ ಡಬ್ಬದಲ್ಲಿ ಬರುವ ಪೊಟ್ಟಣಗಳನ್ನು ಎಸೆಯಬೇಡಿ.

ಆಗುಂಬೆ ಮಳೆ

ಅಡಿಕೆ ಚಪ್ಪರ ಅಣ್ಣ ಹೇಳಿದ್ದು ಪ್ರತಿ ಅಕ್ಷರ ನಿಜ. ಆಗುಂಬೆಯಲ್ಲಿ ಅಡುಗೆಮನೆ ಒಲೆ ಹತ್ತಿರದ ಕಪಾಟಿನಲ್ಲಿ ಇಡುತ್ತೇವೆ. ತೀರಾ ಬಿಸಿ ತಾಗದ ಹಾಗೆ ನೋಡಿಕೊಂಡರೆ ಆಯಿತು. ಗುಡುಗು ಸಿಡಿಲಿನ ದಿನ ವೈರ್ ಪ್ಯಾಡ್ ಹಿಡಿದು ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪಿನಲ್ಲಿ ಆಡಬೇಡಿ, ಪ್ಲಗ್ ಕಿತ್ತು ಬ್ಯಾಟರಿಯಲ್ಲಿ ಆಡಿ.

ತುಂಗಾತೀರ ಅಣ್ಣನ ಉರುಳುವ ಬಟನ್ ಮಾತು ನನಗೆ ಹೊಸದು. ಈಗ ಗಮನಿಸಿ ಆಡಿದೆ, ನಿಜವಾಗಿಯೂ ಬಿಟ್ಟಾಗಲೇ ಉರುಳುತ್ತದೆ. ಆದರೂ ಪ್ಯಾಡ್ ಬಿಡಲ್ಲ. ರೇಸಿಂಗ್ ಬಗ್ಗೆ ಯಾರೂ ಮಾತಾಡಲಿಲ್ಲ. ಫೋರ್ಜಾ ಹೊರೈಜನ್ ತರದ ಆಟದಲ್ಲಿ ಟ್ರಿಗ್ಗರ್ (ತೋರುಬೆರಳಿಗೆ ಸಿಗುವ ಪ್ಯಾಡಿನ ಹಿಂಬದಿಯ ಗುಂಡಿ) ಎಷ್ಟು ಒತ್ತಿದರೆ ಅಷ್ಟೇ ಆಕ್ಸಿಲರೇಟರ್. ಎಕ್ಸ್‌ಇನ್‌ಪುಟ್‌ನಲ್ಲಿ ಟ್ರಿಗ್ಗರಿಗೆ 0ಯಿಂದ 255ರ ತನಕ ಲೆಕ್ಕ ಇದೆ. ಕೀಬೋರ್ಡಿನಲ್ಲಿ ಇರುವುದು ಆನ್, ಆಫ್. ನಮ್ಮ ಘಾಟಿಯ ತಿರುವಿನಲ್ಲಿ ಯಾರಾದರೂ ಪೂರ್ತಿ ಆಕ್ಸಿಲರೇಟರ್, ಇಲ್ಲವೇ ಪೂರ್ತಿ ಬ್ರೇಕ್ ಅಂತ ಓಡಿಸುತ್ತಾರಾ?

ತುಂಗಾತೀರ

ರೇಸಿಂಗ್‌ಗೆ ಪ್ಯಾಡೇ. ಫುಟ್‌ಬಾಲ್‌ಗೂ ಪ್ಯಾಡೇ. ಅಲ್ಲಿ ವಾದ ಮಾಡಲ್ಲ.

ಕೀಬೋರ್ಡಿನಲ್ಲೇ ಮುಂದುವರಿಯುವವರಿಗೆ ಒಂದು ಎಚ್ಚರಿಕೆ. ಕಡಿಮೆ ಬೆಲೆಯ ಕೀಬೋರ್ಡ್, ಲ್ಯಾಪ್‌ಟಾಪ್ ಕೀಬೋರ್ಡುಗಳಲ್ಲಿ ಒಟ್ಟಿಗೆ ಮೂರು ನಾಲ್ಕು ಕೀ ಒತ್ತಿದರೆ ಒಂದು ದಾಖಲಾಗದೇ ಹೋಗಬಹುದು. ಶಿಫ್ಟ್ ಹಿಡಿದು, ಡಬ್ಲ್ಯೂ ಮತ್ತು ಎ ಒತ್ತಿ ಓಡುತ್ತಾ, ಸ್ಪೇಸ್ ಒತ್ತಿದರೆ ಪಾತ್ರ ಹಾರುವುದಿಲ್ಲ. ಜನ ಗೇಮಿಗೆ ಬೈಯುತ್ತಾರೆ. ನಿಮ್ಮ ಆಟದಲ್ಲಿ ಒಟ್ಟಿಗೆ ಬೇಕಾಗುವ ಕೀಗಳನ್ನು ಒತ್ತಿ ನೋಡಿ. ಒಂದು ಜೋಡಣೆ ಕೆಲಸ ಮಾಡದಿದ್ದರೆ ಹಾರುವುದನ್ನು ಮೌಸಿನ ಪಕ್ಕದ ಬಟನ್ನಿಗೆ ಹಾಕಿ, ಅದು ಬೇರೆ ಸಾಧನ ಆದ್ದರಿಂದ ತೊಂದರೆ ಇಲ್ಲ.

ಇನ್ನೊಂದು, ವಿಂಡೋಸ್ ಸೆಟ್ಟಿಂಗ್ಸಿನಲ್ಲಿ "ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಶನ್" ಅಂತ ಇರುತ್ತದೆ. ಹೆಸರು ಕೇಳಿ ಒಳ್ಳೆಯದು ಅನಿಸುತ್ತದೆ, ಆದರೆ ಅದು ಆಕ್ಸಿಲರೇಶನ್. ಆಫ್ ಮಾಡಿ. ಗೇಮಿನಲ್ಲಿ ರಾ ಇನ್‌ಪುಟ್ ಅಂತ ಆಯ್ಕೆ ಇದ್ದರೆ ಆನ್ ಮಾಡಿ. ಆಗ ಗೇಮ್ ಮೌಸಿನಿಂದ ನೇರವಾಗಿ ಲೆಕ್ಕ ತಗೊಳ್ಳುತ್ತದೆ.

ಕೊಪ್ಪದ ಅಕ್ಕ

ನಾನು ತಡವಾಗಿ ಓದಿದೆ. ನಮ್ಮ ಮನೆಯಲ್ಲಿ ದಸರಾ ರಜೆಗೆ ದೊಡ್ಡಪ್ಪನ ಮಕ್ಕಳು, ಅತ್ತೆ ಮಕ್ಕಳು ಎಲ್ಲ ಸೇರುತ್ತಾರೆ. ಲ್ಯಾಪ್‌ಟಾಪ್ ಒಂದೇ. ಅದನ್ನೇ ಟಿವಿಗೆ ಹಾಕುತ್ತೇವೆ. ಅಲ್ಲಿ ಈ ವಾದಕ್ಕೆ ಬೇರೆ ಉತ್ತರ ಸಿಗುತ್ತದೆ. ಇಟ್ ಟೇಕ್ಸ್ ಟೂ ತರದ ಇಬ್ಬರ ಆಟದಲ್ಲಿ ಒಬ್ಬರು ಕೀಬೋರ್ಡ್ ಹಿಡಿದರೆ ಇನ್ನೊಬ್ಬರಿಗೆ ಪ್ಯಾಡ್ ಬೇಕೇ ಬೇಕು. ಒಂದು ಪ್ಯಾಡ್ ಇಲ್ಲದಿದ್ದರೆ ಒಂದೇ ಮನೆಯಲ್ಲಿ ಕೂತು ಆಡೋಕೇ ಆಗಲ್ಲ. ಆ ಆಟದಲ್ಲಿ ನನ್ನ ತಂಗಿ ಮೌಸ್ ಹಿಡಿಯುತ್ತಾಳೆ, ನಾನು ಪ್ಯಾಡ್. ಯಾರಿಗೂ ಕಷ್ಟ ಆಗಿಲ್ಲ, ಯಾಕೆಂದರೆ ಆ ಆಟ ಎರಡಕ್ಕೂ ಮರ್ಯಾದೆ ಕೊಟ್ಟಿದೆ.

ಹಾಗಾಗಿ ಮನೆಯಲ್ಲಿ ಒಡಹುಟ್ಟಿದವರಿದ್ದರೆ ಒಂದು ಪ್ಯಾಡ್ ಇರಲಿ ಅನ್ನೋದು ನನ್ನ ಸಲಹೆ. ಪ್ಲೇಸ್ಟೇಶನ್ ಪ್ಯಾಡ್ ಇರುವವರೂ ಅದನ್ನೇ ಬಳಸಬಹುದು. ಸ್ಟೀಮಿನಲ್ಲಿ 2016ರಿಂದಲೇ ಅದಕ್ಕೆ ಬೆಂಬಲ ಇದೆ. ಅದರಲ್ಲಿ ಜೈರೋ ಕೂಡ ಇದೆ. ಪ್ಯಾಡನ್ನೇ ವಾಲಿಸಿ ಗುರಿ ಇಡಬಹುದು. ಸ್ಟಿಕ್ಕಿನಲ್ಲಿ ದೊಡ್ಡ ತಿರುವು, ಜೈರೋದಲ್ಲಿ ಸಣ್ಣ ಸರಿಪಡಿಕೆ. ಮೌಸಿನಷ್ಟು ಅಲ್ಲದಿದ್ದರೂ ಹತ್ತಿರ ಬರುತ್ತದೆ. ಒಂದೇ ತೊಂದರೆ, ಜೈರೋವನ್ನು ಮೌಸ್ ಅಂತ ತೋರಿಸಿದಾಗ ಕೆಲವು ಪೋರ್ಟುಗಳು ಗಲಿಬಿಲಿ ಆಗಿ ಬಟನ್ ಚಿತ್ರಗಳನ್ನು ಕ್ಷಣಕ್ಷಣಕ್ಕೂ ಬದಲಾಯಿಸುತ್ತವೆ. ಪ್ಯಾಡ್ ಮತ್ತು ಮೌಸ್ ಎರಡನ್ನೂ ಒಟ್ಟಿಗೆ ತಗೊಳ್ಳುವ ಆಟದಲ್ಲಿ ಮಾತ್ರ ಇದು ಸರಿಯಾಗಿ ನಡೆಯುತ್ತದೆ.

ನವುಲೆ ಹಾಸ್ಟೆಲ್

ಅಣ್ಣಾ, ಅಕ್ಕಾ, ಎಲ್ಲ ಓದಿದೆ. ನನ್ನ ಲ್ಯಾಪ್‌ಟಾಪ್ 35-40 ಫ್ರೇಮ್ ಕೊಡುತ್ತದೆ, ಹಾಗಾಗಿ ಪ್ಯಾಡ್ ಅಂತ ತೀರ್ಮಾನ ಮಾಡಿದೆ. ಸೀನಿಯರ್ ಒಬ್ಬರು ಸೆಕೆಂಡ್ ಹ್ಯಾಂಡ್ ಪ್ಯಾಡ್ 700ಕ್ಕೆ ಕೊಡುತ್ತೇನೆ ಅಂದಿದ್ದಾರೆ. ತಗೊಳ್ಳೋ ಮೊದಲು ಏನು ನೋಡಬೇಕು?

ತುಂಗಾತೀರ

ನಿನ್ನ ಲ್ಯಾಪ್‌ಟಾಪ್ ತಗೊಂಡು ಹೋಗಿ ಅಲ್ಲೇ ಹಾಕಿ ನೋಡು ತಮ್ಮಾ. ವಿಂಡೋಸ್ ಸರ್ಚಿನಲ್ಲಿ ಗೇಮ್ ಕಂಟ್ರೋಲರ್ಸ್ ಅಂತ ಹುಡುಕಿದರೆ ಪರೀಕ್ಷೆ ಮಾಡುವ ಕಿಟಕಿ ಸಿಗುತ್ತದೆ. ಸ್ಟಿಕ್ಕನ್ನು ನಾಲ್ಕೂ ಕಡೆ ಒತ್ತಿ ಒಮ್ಮೆಲೇ ಬಿಡು. ಪ್ರತಿ ಸಲ ಗುರುತು ಮಧ್ಯಕ್ಕೆ ಬರಬೇಕು. ಸ್ವಲ್ಪ ಆಚೀಚೆ ನಿಂತರೆ ಪರವಾಗಿಲ್ಲ, ಡೆಡ್ ಝೋನ್ ನೋಡಿಕೊಳ್ಳುತ್ತದೆ. ಮುಟ್ಟದೆ ಇದ್ದಾಗಲೂ ನಡುಗುತ್ತಿದ್ದರೆ ಬೇಡ. ಟ್ರಿಗ್ಗರ್ ನಿಧಾನವಾಗಿ ಒತ್ತು. ಗುರುತು ನಿಧಾನವಾಗಿಯೇ ಏರಬೇಕು, ಒಮ್ಮೆಲೇ ಪೂರ್ತಿಗೆ ಹಾರಿದರೆ ಅದು ಬರೀ ಬಟನ್, ರೇಸಿಂಗ್‌ಗೆ ಆಗಲ್ಲ.

ಎಕ್ಸ್‌ಇನ್‌ಪುಟ್ ಇದೆಯಾ ಕೇಳು. ಕಡಿಮೆ ಬೆಲೆಯ ಪ್ಯಾಡ್‌ಗಳಲ್ಲಿ ಎರಡು ಮೋಡ್ ಇರುತ್ತವೆ. ಗೇಮ್ ಪ್ಯಾಡನ್ನೇ ಗುರುತಿಸದಿದ್ದರೆ ಮಧ್ಯದ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಮೋಡ್ ಬದಲಾಗುತ್ತದೆ.

ಅಡಿಕೆ ಚಪ್ಪರ (ಸಾಗರ)

ಹಿಡಿ ಜಿಗುಟಾಗಿದೆಯಾ ನೋಡು. ಜಿಗುಟಾಗಿದ್ದರೆ 700 ಜಾಸ್ತಿ, 400ಕ್ಕೆ ಕೇಳು. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಬಟ್ಟೆಯಲ್ಲಿ ಉಜ್ಜಿದರೆ ಆ ಲೇಪ ಪೂರ್ತಿ ಬರುತ್ತದೆ, ಒಳಗಿನ ಪ್ಲಾಸ್ಟಿಕ್ ಚೆನ್ನಾಗೇ ಇರುತ್ತದೆ. ಪ್ಯಾಡನ್ನು ಲ್ಯಾಪ್‌ಟಾಪಿನಿಂದ ಕಳಚಿಟ್ಟು, ಬಟನ್ ಸಂದಿಗೆ ಇಳಿಯದ ಹಾಗೆ ಉಜ್ಜು.

ನವುಲೆ ಹಾಸ್ಟೆಲ್

ಥ್ಯಾಂಕ್ಸ್ ಅಣ್ಣಾ. ನಾಳೆ ಸಂಜೆ ಲ್ಯಾಪ್‌ಟಾಪ್ ತಗೊಂಡೇ ಹೋಗುತ್ತೇನೆ. ಸ್ಟಿಕ್ ಹೇಗಿದೆ, ಎಷ್ಟಕ್ಕೆ ಕೊಟ್ಟರು ಅಂತ ಇಲ್ಲೇ ಬರೆಯುತ್ತೇನೆ.